ಧ್ರುವ ಕಾಣದ ತಾರಸಿ

ಕಾಟನ್‌ಪೇಟೆಯ ವಾಚಕರೊಬ್ಬರು ಈ ವಾರ ನಮಗೊಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅವರ ಮಗಳು ಬಿ.ಎಸ್‌ಸಿ. ವಿದ್ಯಾರ್ಥಿನಿ. ಎರಡು ವರ್ಷಗಳ ಕಾಲ ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ಹಣದಿಂದ ಆಕೆ ಒಂದು ದೂರದರ್ಶಕವನ್ನೂ, ಅದನ್ನು ಹೊತ್ತು ತಿರುಗಿಸುವ ಮೌಂಟನ್ನೂ, ಒಂದು ಪುಟ್ಟ ಕ್ಯಾಮರಾವನ್ನೂ ಕೊಂಡಳು. ಕೊಂಡು ವರ್ಷ ತುಂಬುವಷ್ಟರಲ್ಲಿ ಮನೆಯ ಉತ್ತರಕ್ಕಿದ್ದ ಹಂಚಿನ ಮನೆಯನ್ನು ಕೆಡವಿ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವನ್ನು ಎಬ್ಬಿಸಿದರು. ತಾರಸಿಯಿಂದ ಕಾಣುತ್ತಿದ್ದ ಧ್ರುವನಕ್ಷತ್ರ ಗೋಡೆಯ ಹಿಂದೆ ಮರೆಯಾಯಿತು. “ಧ್ರುವ ಕಾಣದ ಮೇಲೆ ಆ ಯಂತ್ರವಿದ್ದು ಫಲವೇನು? ಒಳ್ಳೆಯ ಬೆಲೆ ಬರುವಾಗಲೇ ಮಾರಿಬಿಡಿ” ಎಂದು ಬಂಧುಗಳ ಸಲಹೆ. ಮಗಳು ಹೌದೆನ್ನುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ. ಪೆಟ್ಟಿಗೆಯನ್ನು ಮಂಚದ ಕೆಳಗೆ ಸರಿಸಿಟ್ಟಿದ್ದಾಳೆ. ಏನು ಮಾಡಲಿ ಎಂದು ತಂದೆಯವರು ಕೇಳುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಮಾರಬೇಡಿ. ಏಕೆಂಬುದನ್ನು ಇನ್ನು ನಿಧಾನವಾಗಿ ವಿಚಾರಿಸೋಣ. ನಗರದ ಹಳೆಯ ಪೇಟೆಗಳಲ್ಲಿ ಇದೇ ಸಂಕಟಕ್ಕೆ ಸಿಕ್ಕಿರುವ ಮನೆಗಳು ಇನ್ನೂ ಹಲವು ಇದ್ದಾವು.

ಭೂಮಿ 23 ಗಂಟೆ 56 ನಿಮಿಷಗಳಿಗೊಮ್ಮೆ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗುತ್ತದೆ. ಆದುದರಿಂದ ಆಕಾಶವೆಲ್ಲವೂ ಗಂಟೆಗೆ ಸುಮಾರು 15 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುವಂತೆ ನಮಗೆ ತೋರುತ್ತದೆ. ಬರಿಗಣ್ಣಿಗೆ ಈ ಓಟ ತಿಳಿಯದು. ನೂರುಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕದಲ್ಲಿ ನೋಡಿದರೆ ಮಾತ್ರ ಗುರುಗ್ರಹವು ಎರಡು ನಿಮಿಷಗಳಲ್ಲಿ ಒಂದಂಚಿನಿಂದ ಇನ್ನೊಂದಂಚಿಗೆ ಓಡಿ ಕಣ್ಮರೆಯಾಗುತ್ತದೆ. ಈ ಓಟವನ್ನು ಹಿಡಿಯುವುದಕ್ಕಾಗಿಯೇ ಜಾಣರು ಒಂದು ಉಪಾಯವನ್ನು ಹೂಡಿದರು. ಮೌಂಟಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಭೂಮಿ ತಿರುಗುವಷ್ಟೇ ವೇಗದಲ್ಲಿ ಅದನ್ನು ಹಿಮ್ಮುಖವಾಗಿ ತಿರುಗಿಸಿದರೆ, ನಕ್ಷತ್ರವು ಕಣ್ಣಿನ ಮುಂದೆ ನಿಂತುಬಿಡುತ್ತದೆ.

ಅಜ್ಜಿಯ ಕಾಲದ ಬೀಸುವ ಕಲ್ಲನ್ನು ನೆನೆದುಕೊಳ್ಳಿ. ನಡುವಿನ ಗೂಟ ನೆಟ್ಟಗಿದ್ದರೆ ಮೇಲಿನ ಕಲ್ಲು ಸಮನಾಗಿ ತಿರುಗುತ್ತದೆ. ಗೂಟ ವಾಲಿದರೆ ಕಲ್ಲು ಒಂದು ಕಡೆ ಏಳುತ್ತದೆ, ಒಂದು ಕಡೆ ಬೀಳುತ್ತದೆ. ಮೌಂಟಿನ ಅಕ್ಷ ವಾಲಿದರೂ ಇದೇ ಗತಿ. ಲೆಕ್ಕದಲ್ಲಿ ಹೇಳುವುದಾದರೆ, ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಅಕ್ಷವು ಒಂದೇ ಒಂದು ಡಿಗ್ರಿ ತಪ್ಪಿದ್ದರೂ ನಕ್ಷತ್ರವು ನಿಮಿಷಕ್ಕೆ 16 ವಿಕಲೆಗಳವರೆಗೆ ಜಾರೀತು. ಐದು ನಿಮಿಷ ತೆರೆದಿಟ್ಟ ಕ್ಯಾಮರಾದಲ್ಲಿ 80 ವಿಕಲೆ. ಗುರುಗ್ರಹದ ಬಿಂಬವೇ ಸುಮಾರು 40 ವಿಕಲೆ ಎಂದಮೇಲೆ, ಚುಕ್ಕೆಯಾಗಿ ಮೂಡಬೇಕಾದ ನಕ್ಷತ್ರ ಗೆರೆಯಾಗಿ ಮೂಡುವುದರಲ್ಲಿ ಆಶ್ಚರ್ಯವೇನು? ತಪ್ಪನ್ನು ಒಂದು ಕಲೆಗೆ ಇಳಿಸಿದರೆ ಜಾರುವಿಕೆಯೂ ಅರವತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಧ್ರುವದ ಕಡೆಗೆ ಅಕ್ಷವನ್ನು ಹೊಂದಿಸುವ ಈ ಕೆಲಸಕ್ಕೆ ಇಷ್ಟೊಂದು ಮಹತ್ವ ಬಂದಿರುವುದು ಆ ಕಾರಣದಿಂದ.

ಬೆಂಗಳೂರಿನವರಿಗೆ ಇದರಲ್ಲೊಂದು ವಿಶೇಷ ತೊಡಕುಂಟು. ಒಂದೂರಿನ ಅಕ್ಷಾಂಶವೆಷ್ಟೋ ಆ ಊರಿನಲ್ಲಿ ಧ್ರುವಬಿಂದುವಿನ ಎತ್ತರವೂ ಅಷ್ಟೇ. ಲಂಡನ್ನಿನವರಿಗೆ ಅದು 51 ಡಿಗ್ರಿಯ ಮೇಲಿದೆ, ದೆಹಲಿಯವರಿಗೆ 28ರ ಮೇಲಿದೆ. ನಮಗೆ ದಿಗಂತದಿಂದ ಬರಿಯ 13 ಡಿಗ್ರಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ತಾರಸಿಯಲ್ಲಿ ನಿಂತವರ ಕಣ್ಣಿನ ಮಟ್ಟಕ್ಕಿಂತ 10 ಅಡಿ ಮೇಲೆದ್ದ ಗೋಡೆಯೊಂದು ಉತ್ತರದಲ್ಲಿ 43 ಅಡಿಗಳ ಒಳಗಿದ್ದರೆ ಸಾಕು, ಧ್ರುವ ಮರೆಯಾಯಿತೆಂದೇ ಲೆಕ್ಕ. ಕಾಟನ್‌ಪೇಟೆ, ಅಕ್ಕಿಪೇಟೆ, ಬಳೇಪೇಟೆಗಳಲ್ಲಿ ಹತ್ತಡಿ ಎದ್ದ ಗೋಡೆಗೆ ಬರವೆ? ಗೋಡೆಯಿಲ್ಲದ ಕಡೆಯೂ ದಿಗಂತದ ಧೂಳು ಮತ್ತು ಬೀದಿದೀಪಗಳ ಬೆಳಕು ಅಷ್ಟು ತಗ್ಗಿನ ನಕ್ಷತ್ರವನ್ನು ಮಂಕಾಗಿಸುತ್ತವೆ.

ಈ ತಗ್ಗು ದೊಡ್ಡ ವೀಕ್ಷಣಾಲಯಗಳನ್ನೂ ಬಿಟ್ಟಿಲ್ಲ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ನಡೆಸುವ 2.34 ಮೀಟರ್ ವ್ಯಾಸದ ವೇಣು ಬಾಪು ದೂರದರ್ಶಕವು 1986ರಿಂದ ಕೆಲಸಮಾಡುತ್ತಿದೆ. ಅಲ್ಲಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಆ ಮಹಾಯಂತ್ರದ ಧ್ರುವಾಕ್ಷವೂ ಹೆಚ್ಚುಕಡಿಮೆ ಮಲಗಿಕೊಂಡಂತೆಯೇ ಇದೆ. ಆದರೆ ಅದರ ಎದುರಿಗೆ ಯಾರೂ ನಾಲ್ಕು ಅಂತಸ್ತು ಕಟ್ಟಿಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಗೋಡೆಯ ಹಿಂದೆ ಮರೆಯಾಗಿರುವುದು ಧ್ರುವನಕ್ಷತ್ರವೇ ಹೊರತು ಧ್ರುವವಲ್ಲ. ವಿವಾಹಮಂಟಪದಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲಿ ಧ್ರುವನನ್ನು ನೋಡಿರೆಂದು ಬೆರಳು ತೋರಿಸುತ್ತಾರೆ. ವಧೂವರರು ಚಪ್ಪರದ ಬಟ್ಟೆಯನ್ನು ನೋಡಿ ಕಂಡಿತೆಂದು ತಲೆದೂಗುತ್ತಾರೆ. ನಗುವ ಮಾತಲ್ಲ, ಅವರು ನೋಡುತ್ತಿರುವುದು ಸರಿಯಾದ ದಿಕ್ಕನ್ನೇ. ಭೂಮಿಯ ಅಕ್ಷವು ಆಕಾಶದಲ್ಲಿ ತಾಗುವ ಬಿಂದುವಿನಲ್ಲಿ ಯಾವ ನಕ್ಷತ್ರವೂ ಇಲ್ಲ. ನಾವು ಧ್ರುವವೆಂದು ಕರೆಯುವ ನಕ್ಷತ್ರವು ಈಗ ಅದರಿಂದ ಸುಮಾರು 38 ಕಲೆ, ಎಂದರೆ ಚಂದ್ರಬಿಂಬದ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿದ್ದು, ದಿನಕ್ಕೊಮ್ಮೆ ಆ ಬಿಂದುವನ್ನು ತಾನೂ ಸುತ್ತುತ್ತದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯ ಮೋಜಣಿಗಾಗಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ಕಾಲದಲ್ಲಿ ಈ ದೂರ ಒಂದೂಮುಕ್ಕಾಲು ಡಿಗ್ರಿಯಷ್ಟಿತ್ತು. ಆದುದರಿಂದಲೇ ಆತನು ನಕ್ಷತ್ರವನ್ನು ಕಂಡಲ್ಲಿಯೇ ಉತ್ತರವೆಂದು ನಂಬದೆ, ಅದು ತನ್ನ ಸುತ್ತಿನಲ್ಲಿ ಒಂದು ಪಕ್ಕದ ತುತ್ತತುದಿಗೆ ಬಂದ ಗಳಿಗೆಯನ್ನು ಕಾದು ಅಳೆದು, ಲೆಕ್ಕಹಾಕಿ ನಿಜವಾದ ಉತ್ತರವನ್ನು ಪಡೆಯುತ್ತಿದ್ದನು. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಓಲಾಡುವುದರಿಂದ ಈ ಅಂತರ ಬದಲಾಗುತ್ತಲೇ ಇರುತ್ತದೆ. 2100ರ ಸುಮಾರಿಗೆ ಅರ್ಧ ಡಿಗ್ರಿಗಿಂತ ಕಡಿಮೆಯಾಗಿ, ಆಮೇಲೆ ಮತ್ತೆ ಹೆಚ್ಚುವುದು.

ಹಾಗಾದರೆ ಕಾಣದ ಬಿಂದುವನ್ನು ಗುರಿಯಿಡುವುದು ಹೇಗೆ? ಹಳ್ಳಿಯ ಸುಗ್ಗಿಯ ಕಣವನ್ನು ನೋಡಿದವರಿಗೆ ಇದು ಕಷ್ಟವಾಗದು. ಕಣದ ನಡುವೆ ಮೇಟಿಯನ್ನು ನೆಟ್ಟು, ಅದರ ಸುತ್ತ ಎತ್ತುಗಳನ್ನು ತುಳಿಸುತ್ತಾರೆ. ಭಾಗವತದಲ್ಲಿಯೂ ಧ್ರುವನನ್ನು ಮೇಟಿಗೇ ಹೋಲಿಸಿದೆ. ಮೇಟಿಯನ್ನು ಕಿತ್ತೊಯ್ದ ಮೇಲೆ ಕಣಕ್ಕೆ ಬಂದವನು, ಎತ್ತಿನ ಹೆಜ್ಜೆಗುರುತು ಮೂರು ಕಡೆ ಸಿಕ್ಕರೆ ಸಾಕು, ಮೇಟಿ ಎಲ್ಲಿತ್ತೆಂದು ಹೇಳಬಲ್ಲನು. ಮೂರು ಬಿಂದುಗಳ ಮೂಲಕ ಒಂದೇ ಒಂದು ವೃತ್ತ ಹಾಯುತ್ತದೆ, ಆ ವೃತ್ತಕ್ಕೆ ಒಂದೇ ಕೇಂದ್ರವಿರುತ್ತದೆ ಎಂಬುದು ಹೈಸ್ಕೂಲಿನ ರೇಖಾಗಣಿತ.

ಕ್ಯಾಮರಾ ಮತ್ತು ತಂತ್ರಾಂಶ ಸೇರಿ ಮಾಡುವುದು ಇದನ್ನೇ. ದೂರದರ್ಶಕವನ್ನು ತೆರೆದ ಆಕಾಶದ ಯಾವುದಾದರೂ ಭಾಗಕ್ಕೆ ತಿರುಗಿಸಿ ಕೆಲವು ಸೆಕೆಂಡುಗಳ ಒಂದು ಚಿತ್ರ ತೆಗೆಯುತ್ತೀರಿ. ಚಿತ್ರದಲ್ಲಿ ಬಿದ್ದ ನಕ್ಷತ್ರಗಳ ವಿನ್ಯಾಸವನ್ನು ತಂತ್ರಾಂಶವು ತನ್ನಲ್ಲಿರುವ ನಕ್ಷತ್ರಪಟ್ಟಿಯೊಡನೆ ಹೋಲಿಸಿ, ಕ್ಯಾಮರಾ ಎತ್ತ ನೋಡುತ್ತಿದೆಯೆಂದು ವಿಕಲೆಗಳ ಮಟ್ಟಿಗೆ ಹೇಳುತ್ತದೆ. ನಾಲ್ಕು ನಾಲ್ಕು ನಕ್ಷತ್ರಗಳ ಗುಂಪಿನ ಆಕಾರದಿಂದ ಆಕಾಶದ ಯಾವ ಚಿತ್ರವನ್ನಾದರೂ ಗುರುತಿಸುವ ವಿಧಾನವೊಂದನ್ನು ಡಸ್ಟಿನ್ ಲ್ಯಾಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಮೊದಲ ಚಿತ್ರವಾದ ಮೇಲೆ ಮೌಂಟನ್ನು ಧ್ರುವಾಕ್ಷದ ಸುತ್ತ ಮಾತ್ರ ಕೊಂಚ ತಿರುಗಿಸಿ ಎರಡನೆಯ ಚಿತ್ರ, ಇನ್ನೂ ಕೊಂಚ ತಿರುಗಿಸಿ ಮೂರನೆಯ ಚಿತ್ರ. ಮೂರು ಹೆಜ್ಜೆಗುರುತು ಸಿಕ್ಕಿತು. ಅವುಗಳ ಕೇಂದ್ರವೇ ಮೌಂಟಿನ ಅಕ್ಷ ಈಗ ನೋಡುತ್ತಿರುವ ಜಾಗ. ಭೂಮಿಯ ಅಕ್ಷ ಎಲ್ಲಿದೆಯೆಂಬುದು ಪಟ್ಟಿಯಿಂದ ತಿಳಿದೇ ಇದೆ. ಎರಡರ ಅಂತರವನ್ನು ಲೆಕ್ಕಹಾಕಿ, ಇಷ್ಟು ಕಲೆ ಮೇಲಕ್ಕೆತ್ತು, ಇಷ್ಟು ಕಲೆ ಪೂರ್ವಕ್ಕೆ ತಿರುಗಿಸು ಎಂದು ಪರದೆ ತೋರಿಸುತ್ತದೆ. ಈ ಇಡೀ ಕ್ರಮದಲ್ಲಿ ಧ್ರುವನಕ್ಷತ್ರದ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ.

ಧ್ರುವದ ಆಸುಪಾಸಿನ ಆಕಾಶವನ್ನೇ ನೋಡಬೇಕೆಂದು ಹಟಹಿಡಿಯುವ ತಂತ್ರಾಂಶಗಳೂ ಉಂಟು. ಅವು ಈ ತಾರಸಿಗೆ ಒದಗವು. ನೀನಾ ಎಂಬ ತಂತ್ರಾಂಶವು ವಿಂಡೋಸ್ ಕಂಪ್ಯೂಟರುಗಳಿಗೆ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ಜೋಡಿಸುವ ‘ಮೂರು ಬಿಂದುಗಳ ಹೊಂದಿಕೆ’ಯ ಉಪಾಂಗವು ತೆರೆದ ಆಕಾಶದ ಯಾವ ಭಾಗದಿಂದಲಾದರೂ ಕೆಲಸಮಾಡಬಲ್ಲದು.

ಮಗಳು ಅನುಸರಿಸಬಹುದಾದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲು ಹಗಲಿನಲ್ಲಿಯೇ ತಾರಸಿಯ ಮೇಲೆ ಉತ್ತರ–ದಕ್ಷಿಣ ಗೆರೆಯೊಂದನ್ನು ಎಳೆದಿಡಲಿ. ಕಾಂಕ್ರೀಟಿನೊಳಗಿನ ಕಬ್ಬಿಣ ದಿಕ್ಸೂಚಿಯನ್ನು ದಾರಿತಪ್ಪಿಸುವುದರಿಂದ ಅದನ್ನು ನಂಬುವುದಕ್ಕಿಂತ ಸೂರ್ಯನನ್ನು ನಂಬುವುದು ಮೇಲು. ತೂಗುಗುಂಡಿನ ದಾರವನ್ನು ಇಳಿಬಿಟ್ಟು, ನಿಜವಾದ ಮಧ್ಯಾಹ್ನದಲ್ಲಿ ದಾರದ ನೆರಳಿನ ಮೇಲೆ ಗೆರೆ ಎಳೆದರಾಯಿತು. ನಮ್ಮ ಊರಿನ ನಿಜವಾದ ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ನವೆಂಬರ್ ಆರಂಭದಲ್ಲಿ 12 ಗಂಟೆ 3 ನಿಮಿಷದ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12 ಗಂಟೆ 34 ನಿಮಿಷದ ಸುಮಾರಿಗೆ ಬರುತ್ತದೆ. ಆ ದಿನದ ಸೂರ್ಯೋದಯ ಮತ್ತು ಸೂರ್ಯಾಸ್ತಗಳ ನಟ್ಟನಡುವಿನ ಕಾಲವೇ ಅದು. ಪಂಚಾಂಗ ನೋಡಿದರೆ ತಿಳಿಯುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಆ ದಿನಗಳಲ್ಲಿ ನೆರಳೇ ಸಿಗದು. ಅವೆರಡರ ನಡುವಿನ ದಿನಗಳಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಚಳಿಗಾಲದ ಉದ್ದ ನೆರಳೇ ಈ ಕೆಲಸಕ್ಕೆ ಉತ್ತಮ.

ಸಂಜೆ ಮುಕ್ಕಾಲಿಯನ್ನು ಆ ಗೆರೆಗೆ ಹೊಂದಿಸಿ, ಮಟ್ಟ ನೋಡಿ, ಅಕ್ಷವನ್ನು 13 ಡಿಗ್ರಿಗೆ ಎತ್ತಿ ನಿಲ್ಲಿಸಲಿ. ಕಂಪ್ಯೂಟರಿಗೆ ಊರಿನ ಅಕ್ಷಾಂಶ, ರೇಖಾಂಶ ಮತ್ತು ಸರಿಯಾದ ವೇಳೆಯನ್ನು ಕೊಡಲಿ. ವೇಳೆ ತಪ್ಪಿದರೆ ಮೇಲೆ–ಕೆಳಗೆ, ಪೂರ್ವ–ಪಶ್ಚಿಮಗಳ ಲೆಕ್ಕವೂ ತಪ್ಪುತ್ತದೆ. ಅನಂತರ ಆಕಾಶದಲ್ಲಿ ಎತ್ತರವಾದ ಭಾಗವನ್ನು ನೋಡುತ್ತ ಮೂರು ಚಿತ್ರಗಳನ್ನು ತೆಗೆಯಲಿ. ತಿದ್ದುವಾಗ ಮೌಂಟಿನ ಬುಡದಲ್ಲಿರುವ ಎತ್ತರದ ತಿರುಪು ಮತ್ತು ಪಕ್ಕದ ತಿರುಪು, ಇವೆರಡನ್ನು ಮಾತ್ರ ಮುಟ್ಟಬೇಕು. ದೂರದರ್ಶಕವನ್ನು ತಿರುಗಿಸುವ ಬಿಗಿಗಳನ್ನು ಸಡಿಲಿಸಿದರೆ ಅಳತೆಯೆಲ್ಲ ವ್ಯರ್ಥ. ತಿರುಪುಗಳನ್ನು ಬಿಗಿಮಾಡುವಾಗ ಅಕ್ಷ ಮತ್ತೆ ಕದಲುವುದು ಸಹಜವಾದುದರಿಂದ ಇನ್ನೊಂದು ಸಲ ಮೂರು ಚಿತ್ರ ತೆಗೆದು ಪರೀಕ್ಷಿಸಬೇಕು. ಎರಡು ಕಲೆಗಳೊಳಗೆ ಬಂದರೆ ತೃಪ್ತಿಪಟ್ಟುಕೊಳ್ಳಬಹುದು. ಕೈ ಪಳಗಿದ ಮೇಲೆ ಇದೆಲ್ಲ ಹತ್ತು ಹದಿನೈದು ನಿಮಿಷಗಳ ಕೆಲಸ.

ಕೆಲವು ಎಚ್ಚರಿಕೆಗಳೂ ಅವಶ್ಯ. ಉತ್ತರದ ದೇಶಗಳಿಗೆಂದು ಮಾಡಿದ ಕೆಲವು ಮೌಂಟುಗಳು 13 ಡಿಗ್ರಿಯಷ್ಟು ತಗ್ಗಲಾರವು. ತಗ್ಗಿದರೂ ಸಮತೂಕದ ಗುಂಡಿನ ಕಂಬಿ ಮುಕ್ಕಾಲಿಯ ಕಾಲಿಗೆ ತಗಲೀತು. ಕೊಳ್ಳುವವರು ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸಬೇಕು. ತಾರಸಿಯ ನಡುಭಾಗಕ್ಕಿಂತ ಗೋಡೆ ಅಥವಾ ತೊಲೆಯ ಮೇಲೆ ಬರುವ ಜಾಗ ಭದ್ರ. ನಡುವಿನಲ್ಲಿ ಇಟ್ಟರೆ ಒಬ್ಬರು ನಡೆದರೂ ನಕ್ಷತ್ರ ನಡುಗುತ್ತದೆ. ಗಾಳಿಯು ಬೆಳಕನ್ನು ಬಾಗಿಸುವುದರಿಂದ ನಮ್ಮ ಧ್ರುವವು ನಿಜಸ್ಥಾನಕ್ಕಿಂತ ಸುಮಾರು 4 ಕಲೆ ಮೇಲೆ ಕಾಣುತ್ತದೆ. ಈ ತಿದ್ದುಪಡಿಗೆ ತಂತ್ರಾಂಶದಲ್ಲಿ ಅನುಕೂಲವಿದ್ದರೆ ಬಳಸಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಚಂದ್ರನ ಕುಳಿಗಳನ್ನೋ ಶನಿಯ ಉಂಗುರವನ್ನೋ ಕಣ್ಣಿನಿಂದ ನೋಡುವುದಕ್ಕೆ ಇಷ್ಟು ಸೂಕ್ಷ್ಮ ಬೇಕಿಲ್ಲ. ಹಗಲಿನ ಗೆರೆ ಮತ್ತು 13 ಡಿಗ್ರಿ, ಅಷ್ಟೇ ಸಾಕು. ಪೇಟೆಯ ಬೆಳಕನ್ನು ಯಾವ ತಂತ್ರಾಂಶವೂ ಆರಿಸಲಾರದೆಂಬುದೂ ನೆನಪಿರಲಿ.

ಹುಡುಗಿಗೆ ಪ್ರತ್ಯೇಕವಾಗಿ ಒಂದು ಮಾತು. ಒಮ್ಮೆಯಾದರೂ ಕಂಪ್ಯೂಟರನ್ನು ಮುಚ್ಚಿಟ್ಟು ಹಳೆಯ ಪದ್ಧತಿಯಿಂದ ಅಕ್ಷವನ್ನು ಹೊಂದಿಸಿ ನೋಡಮ್ಮ. ಜರ್ಮನಿಯ ಯೂಲಿಯಸ್ ಷೈನರ್ ಅವರ ಹೆಸರಿನಿಂದ ಪ್ರಸಿದ್ಧವಾದ ಆ ವಿಧಾನದಲ್ಲಿಯೂ ಧ್ರುವನಕ್ಷತ್ರ ಬೇಕಾಗಿಲ್ಲ. ನೆತ್ತಿಯ ಗೆರೆಯ ಬಳಿ ಒಂದು ನಕ್ಷತ್ರವನ್ನು ಹಿಡಿದು ಅದು ಉತ್ತರಕ್ಕೆ ಜಾರುವುದೋ ದಕ್ಷಿಣಕ್ಕೆ ಜಾರುವುದೋ ನೋಡಿದರೆ ಅಕ್ಷದ ಪಕ್ಕದ ತಪ್ಪು ತಿಳಿಯುತ್ತದೆ; ಪೂರ್ವದ ಅಥವಾ ಪಶ್ಚಿಮದ ಕಡೆ ಒಂದು ನಕ್ಷತ್ರವನ್ನು ಹಾಗೆಯೇ ನೋಡಿದರೆ ಎತ್ತರದ ತಪ್ಪು ತಿಳಿಯುತ್ತದೆ. ಗಂಟೆಗಟ್ಟಲೆ ತಾಳ್ಮೆ ಬೇಡುವ ಕೆಲಸ ನಿಜ. ಆದರೆ ಅದನ್ನು ಒಂದು ರಾತ್ರಿ ಮಾಡಿದ ಮೇಲೆ, ಪರದೆಯ ಮೇಲೆ ಮೂಡುವ ಅಂಕಿಗಳ ಅರ್ಥ ನಿನಗೆ ತಾನಾಗಿಯೇ ತಿಳಿಯುವುದು.

ತಂದೆಯವರಲ್ಲಿ ನಮ್ಮ ಬಿನ್ನಹ ಇಷ್ಟು: ಎದುರಿನ ಕಟ್ಟಡವನ್ನು ಇಳಿಸುವುದು ತಮ್ಮ ಕೈಯಲ್ಲಿಲ್ಲ, ಮಂಚದ ಕೆಳಗಿನ ಪೆಟ್ಟಿಗೆಯನ್ನು ಹೊರತೆಗೆಯುವುದು ಇದೆ. ಮುಂದಿನ ಭಾನುವಾರ ಮಧ್ಯಾಹ್ನ ತಾವೂ ಮಗಳೊಡನೆ ತಾರಸಿಗೆ ಹೋಗಿ. ಒಬ್ಬರು ತೂಗುಗುಂಡನ್ನು ಹಿಡಿದರೆ ಇನ್ನೊಬ್ಬರು ಗೆರೆ ಎಳೆಯಬೇಕು. ಅದು ಇಬ್ಬರ ಕೆಲಸ.