ಕಿವಿಮಾತು: ಡಿಸ್ಕ್ ಡ್ರೈವ್ ಮಾಯವಾದರೆ

ಸೋದರಿಯರೇ, 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಿತೆಂದು ನಮ್ಮ ಕಂಪ್ಯೂಟರನ್ನೂ 11ಕ್ಕೆ ಏರಿಸಿದೆವು. ನೋಡಿದರೆ ಡಿವಿಡಿ ಡ್ರೈವೇ ಮಾಯ! ಯಳಂದೂರಿನಲ್ಲಾದ ತಂಗಿಯ ಮದುವೆಯ ಡಿಸ್ಕಿನಲ್ಲಿ ತೀರಿಹೋದ ಅಮ್ಮನ ಸೋಬಾನೆ ಇದೆ. ಇರೋದು ಅದೊಂದೇ ಪ್ರತಿ. ಅಂಗಡಿಯವರು "ಡ್ರೈವ್ ಹೋಯ್ತು, ಹೊಸದು ತಗೊಳ್ಳಿ" ಅಂದುಬಿಟ್ಟರು.

ನೀವು ಅವಸರಪಡಬೇಡಿ. ಮೊದಲು ಡ್ರೈವಿನ ಗುಂಡಿ ಒತ್ತಿ. ತಟ್ಟೆ ಹೊರಬಂದರೆ ಕರೆಂಟು ಬರ್ತಿದೆ ಎಂದರ್ಥ. ಬರದಿದ್ದರೆ ಒಳಗಿನ ತಂತಿ ಸಡಿಲವೇ ನೋಡಿಸಿ. ಆಮೇಲೆ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಡ್ರೈವಿನ ಹೆಸರಿಗೆ ಹಳದಿ ಗುರುತಿದ್ದರೆ 'ಅನ್‌ಇನ್‌ಸ್ಟಾಲ್' ಮಾಡಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ನಮ್ಮದು ಹೋಗಲಿಲ್ಲ. ಡಿಸ್ಕ್ ಬರೆಯುವ ಹಳೆಯ ಸಾಫ್ಟ್‌ವೇರು ರಿಜಿಸ್ಟ್ರಿಯಲ್ಲಿ ಬಿಟ್ಟಿದ್ದ 'ಅಪ್ಪರ್ ಫಿಲ್ಟರ್ಸ್', 'ಲೋವರ್ ಫಿಲ್ಟರ್ಸ್' ಎಂಬ ಕಸ ಅಡ್ಡವಾಗಿತ್ತು. ಹನೂರಿನ ಅಕ್ಕನ ಮಗ ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಂಡು ಅದನ್ನು ಅಳಿಸಿದ. ಇದು ಬಲ್ಲವರ ಕೆಲಸ, ನೀವು ಕೈಹಾಕಬೇಡಿ.

ಅಮ್ಮನ ದನಿ ಕೇಳಿತು. ಅಂದೇ ಪೆನ್‌ಡ್ರೈವಿಗೆ ಇಳಿಸಿಟ್ಟೆ. ನೀವೂ ಇವತ್ತೇ ಇಳಿಸಿಡಿ.