ತಮಟೆ ಐದು ಸ್ಪೀಕರಿಗೆ ಸಿಗುತ್ತಾ?

ಹೋದ ಸಲ ಕ್ಯಾಸಂಬಳ್ಳಿಗೆ ಹೋದಾಗ ಜಾತ್ರೆಯ ತಮಟೆಯನ್ನ ರೆಕಾರ್ಡ್ ಮಾಡ್ಕೊಂಡು ಬಂದಿದ್ದೆ. ಎರಡು ಮೈಕಿನ ಪುಟ್ಟ ರೆಕಾರ್ಡರ್. ಬೆಂಗಳೂರಿಗೆ ಬಂದು ಸ್ಟೀರಿಯೋದಲ್ಲಿ ಹಾಕಿದ್ರೆ ಸಪ್ಪೆ. ಸಾಫ್ಟ್‌ವೇರಿನಲ್ಲಿ ಅದನ್ನೇ 5.1 ಮಾಡಿ ಕೇಳಿದೆ. ಸಪ್ಪೆ ಈಗ ಐದು ಕಡೆಯಿಂದ ಬಂತು :-)

ಮತ್ತೆ ಊರಿಗೆ ಹೋದಾಗ ತಮಟೆ ಬಾರಿಸಿದ ತಾತನಿಗೇ ಹೆಡ್‌ಫೋನ್ ಹಾಕಿ ಕೇಳಿಸಿದೆ. "ಏಟೆಲ್ಲಾ ಸರಿಯಾಗೈತೆ ಕಣಪ್ಪಾ, ಎದೆಗೆ ಬಡೀತಿಲ್ಲ" ಅಂದರು.

ಇದು ಬರೀ ಭಾವನೆಯ ಮಾತಲ್ಲ. ಬೆಂಕಿಗೆ ಹಿಡಿದು ಬಿಗಿಮಾಡಿದ ಚರ್ಮದ ಏಟನ್ನ ಮೈಯೂ ಕೇಳುತ್ತೆ. ಅದನ್ನ ಬಾಡಿಗೆ ಮನೆಯಲ್ಲಿ, ಓನರ್ ಬಾಗಿಲು ತಟ್ಟದಷ್ಟು ಸಣ್ಣಗೆ ಹಾಕಿದರೆ ಮೊದಲು ಸಾಯೋದು ದಪ್ಪ ದನಿ. ಕಿವಿಯ ಈ ಗುಣವನ್ನ ಅಮೆರಿಕಾದ ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ತಮಾಷೆ ಅಂದ್ರೆ, ಅದೇ ವರ್ಷ ಅದೇ ಫ್ಲೆಚರ್ ತಂಡ ಫಿಲಡೆಲ್ಫಿಯಾದ ಆರ್ಕೆಸ್ಟ್ರಾವನ್ನ ಮೂರು ಚಾನೆಲ್ಲಿನಲ್ಲಿ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಂತಿ ಮೂಲಕ ಕಳಿಸಿತ್ತು. ಕೇಳಿದ್ದು ದೊಡ್ಡ ಹಾಲಿನಲ್ಲಿ, ದೊಡ್ಡ ದನಿಯಲ್ಲಿ. ನಾವು ಚಾನೆಲ್ ಎಣಿಸೋದನ್ನ ಮಾತ್ರ ಕಲಿತು, ಹಾಲನ್ನ ಮರೆತೆವು ಅನ್ಸುತ್ತೆ.

ಇನ್ನು ರೂಮು. ದನಿ ಒಂದು ಮೀಟರ್ ಹೋಗಕ್ಕೆ ಸುಮಾರು 3 ಮಿಲಿಸೆಕೆಂಡ್. ಹತ್ತು ಅಡಿ ರೂಮಿನಲ್ಲಿ ಪ್ರತಿ ಏಟೂ ಆಗಲೇ ಗೋಡೆಗೆ ಬಡಿದು ವಾಪಸ್ ಬಂದು ಮುಂದಿನದ್ದರ ಜೊತೆ ಕಲಸಿಹೋಗುತ್ತೆ. ಬಯಲಿನ ದನಿ ಬಯಲಿನದ್ದಾಗಿ ಉಳಿಯೋದು ಹೇಗೆ? ಸರೌಂಡ್ ಹುಟ್ಟಿದ್ದೇ ಸಿನಿಮಾಕ್ಕೆ. ಹೆಲಿಕಾಪ್ಟರ್ ತಲೆ ಮೇಲೆ ಹಾರಿಸಕ್ಕೆ ಅದು ಚೆನ್ನ.

ಹಾಗಂತ ಸ್ಟೀರಿಯೋ ಸುಳ್ಳು ಅಂತಲ್ಲ. ಕಚೇರಿ ಕೇಳಿ: ನಡುವೆ ಹಾಡುವವರು, ನಮ್ಮ ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ. ಎರಡು ಸ್ಪೀಕರಿನ ಸರಿ ನಡುವೆ ಕೂತರೆ ಆ ಸಾಲು ಕಣ್ಣಿಗೆ ಕಟ್ಟುತ್ತೆ. ಒಂದಡಿ ಪಕ್ಕಕ್ಕೆ ಸರಿದರೆ ಹಾಡುವವರೂ ಹತ್ತಿರದ ಡಬ್ಬಿಯೊಳಗೆ ಹೋಗಿ ಕೂರ್ತಾರೆ, ಅದು ಬೇರೆ ಮಾತು! ಜೊತೆಗೆ, ಈಗಿನ ಸಭೆಗಳಲ್ಲಿ 'ನಿಜವಾದ' ಕಚೇರಿನೂ ಹೆಚ್ಚಾಗಿ ಸ್ಪೀಕರಿಂದಲೇ ಬರೋದು. ಸ್ಪೀಕರ್ ಸ್ಪೀಕರನ್ನ ಅನುಕರಿಸೋದು ಸುಲಭ.

ತಮಟೆ ಹಾಗಲ್ಲ. ಅದಕ್ಕೆ ವೇದಿಕೆ ಇಲ್ಲ, ಬಾರಿಸುವವರೂ ನಡೀತಾರೆ, ಕೇಳುವವರೂ ನಡೀತಾರೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ಇದನ್ನೆಲ್ಲ ರೆಕಾರ್ಡ್ ಮಾಡಿಟ್ಟರೆ ಉಳಿಯುತ್ತೆ ಅಂತ ನಾನೂ ಗೆಳೆಯರ ಹತ್ರ ಭಾಷಣ ಮಾಡಿದ್ದೆ. ರೆಕಾರ್ಡಿಂಗಿನಲ್ಲಿ ಉಳಿಯೋದು ಲೆಕ್ಕ, ಗತ್ತು. ಫೋಟೋದಲ್ಲಿ ಮುಖ ಉಳಿದ ಹಾಗೆ. ಅಷ್ಟಕ್ಕೆ ಮೋನೋನೇ ಸಾಕು.

ತಾತ ಹೆಡ್‌ಫೋನ್ ವಾಪಸ್ ಕೊಡ್ತಾ ಇನ್ನೊಂದು ಕೇಳಿದ್ರು: "ಬರೋ ವರ್ಷ ಡೀಜೆ ತರಿಸ್ತಾರಂತೆ, ಹೌದೇನಪ್ಪಾ?"

ನಂಗೆ ಗೊತ್ತಿಲ್ಲ ಅಂದೆ. ಚಂದಾ ಎತ್ತೋ ಹುಡುಗರಲ್ಲಿ ನನ್ನ ತಮ್ಮನೂ ಇದಾನೆ.