ಮುದಿ ಕಾರಿನ ದಾನ

ವಾಜಶ್ರವಸನು ಹಾಲು ಬತ್ತಿದ ಮುದಿ ಹಸುಗಳನ್ನು ದಾನವೀಯುವುದನ್ನು ಕಂಡು ಮಗ ನಚಿಕೇತನು ಕಳವಳಗೊಂಡ ಕಥೆ ಕಠೋಪನಿಷತ್ತಿನಲ್ಲಿದೆ. ಅಮೆರಿಕದಲ್ಲಿ ಹಳೆಯ ಐಷಾರಾಮಿ ಕಾರುಗಳನ್ನು ಸೇವಾಸಂಸ್ಥೆಗಳಿಗೆ ಕೊಡುವ ರೂಢಿಯನ್ನು ನೋಡಿದಾಗ ಆ ಬಾಲಕನ ನೆನಪಾಗುತ್ತದೆ.

ಈ ದಾನಕ್ಕೆ ತೆರಿಗೆ ವಿನಾಯಿತಿಯುಂಟು. ಸಂಸ್ಥೆಗಳಾದರೋ ಬಹುಮಟ್ಟಿಗೆ ಕಾರನ್ನು ಓಡಿಸುವುದಿಲ್ಲ. ಮಧ್ಯವರ್ತಿಗಳ ಮೂಲಕ ಹರಾಜಿಗೆ ಹಾಕುತ್ತವೆ. 2003ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು ದಾನ ಬಂದ 54 ವಾಹನಗಳ ಜಾಡು ಹಿಡಿದರು. ಮೂರನೆಯ ಎರಡು ಪಾಲು ವಾಹನಗಳಲ್ಲಿ ಸಂಸ್ಥೆಗೆ ದಕ್ಕಿದ್ದು, ದಾನಿಯು ತೆರಿಗೆ ಪತ್ರದಲ್ಲಿ ತೋರಿಸಿದ ಮೌಲ್ಯದ ಶೇ. 5 ಅಥವಾ ಅದಕ್ಕೂ ಕಡಿಮೆ! 2005ರಿಂದ ಕಾನೂನು ಬಿಗಿಯಾಯಿತು. ಕಾರು 500 ಡಾಲರಿಗಿಂತ ಹೆಚ್ಚಿಗೆ ಹರಾಜಾದರೆ, ಬಂದ ಹಣವಷ್ಟೇ ದಾನದ ಲೆಕ್ಕ.

ಸಂಸ್ಥೆಯೇ ಓಡಿಸಿದರೆ, ಅಥವಾ ಬಡವರಿಗೆ ಕೊಟ್ಟರೆ, ಮಾರುಕಟ್ಟೆಯ ಬೆಲೆಯನ್ನೇ ತೋರಿಸಬಹುದು. ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಸೆಡಾನಿಗೆ ವಯಸ್ಸಾದಂತೆ ಬೆಲೆ ಇಳಿಯುತ್ತದೆಯೇ ಹೊರತು ಬಿಡಿಭಾಗಗಳ ಬೆಲೆಯಾಗಲಿ, ಪೆಟ್ರೋಲಿನ ದಾಹವಾಗಲಿ ಇಳಿಯುವುದಿಲ್ಲ. ಸಿರಿವಂತನಿಗೆ ಸಾಕಲಾಗದ್ದನ್ನು ಬಡವನು ಸಾಕುವುದೆಂತು?

ಕೊಡುವ ಮನಸ್ಸಿದ್ದವರು ತಾವೇ ಮಾರಿ ಹಣವನ್ನು ಕೊಡಲಿ. ಮಧ್ಯವರ್ತಿಯ ಪಾಲಾದರೂ ಉಳಿಯುತ್ತದೆ. ಓಡಿಸಲಾಗದಷ್ಟು ಹಳತಾಗಿದ್ದರೆ ಗುಜರಿಗೆ ಹಾಕಿ, ಬಂದಷ್ಟು ಕೊಟ್ಟರೂ ಆದೀತು.